ಸ್ವರಸಂವಾದವೂ ಸ್ವರಚೌರ್ಯವೂ

ಎರಡು ಹಾಡುಗಳು ಒಂದರಂತೆ ಮತ್ತೊಂದು ಕೇಳಿಸಿದ ಮಾತ್ರಕ್ಕೆ ಹಿಂದಿನದನ್ನು ಮೂಲವೆಂದೂ ಮುಂದಿನದನ್ನು ಕಳವೆಂದೂ ಹೇಳಿಬಿಡುವುದು ಲೋಕದ ವಾಡಿಕೆ. ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಜೋಪಾನವಾಗಿ ಇರಿಸಿಕೊಂಡಿರುವ ಮನೆಗಳಲ್ಲಿ ಈ ಚರ್ಚೆಯು ಆಗಾಗ ಏಳುವುದುಂಟು. “ಇದು ಅದೇ ಅಲ್ಲವೆ?” ಎಂದು ಒಬ್ಬರು ಕೇಳುವುದರೊಳಗಾಗಿ ಮತ್ತೊಬ್ಬರು ಮೂರನೆಯದೊಂದನ್ನು ಗುನುಗಿ, ಅದೂ ಇದೇ ಎನ್ನುವರು. ವಿನೋದವಾಗಿ ಕಾಣುವ ಈ ಮಾತಿನೊಳಗೆ ಗಂಭೀರವಾದ ಪ್ರಶ್ನೆಯೊಂದು ಅಡಗಿರುವುದು. ಒಂದು ಕೃತಿಯಲ್ಲಿ ಕರ್ತೃವಿನ ಸ್ವಂತದ್ದು ಯಾವುದು, ಪರಂಪರೆಯದು ಯಾವುದು, ಪರರದು ಯಾವುದು ಎಂಬುದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಕಾವ್ಯದ ಮಟ್ಟಿಗೆ ಸಂಸ್ಕೃತದ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದರು. ಹಾಡಿನ ಮಟ್ಟಿಗೆ ಅಮೆರಿಕದ ನ್ಯಾಯಸ್ಥಾನವೊಂದು ೧೯೭೬ರಲ್ಲಿ ಇದನ್ನು ಕೂಲಂಕಷವಾಗಿ ವಿಚಾರಿಸಿ ತೀರ್ಪು ಕೊಟ್ಟಿತು. ಆ ವ್ಯಾಜ್ಯಕ್ಕೆ ಸಿಕ್ಕಿದ ಹಾಡಿನಲ್ಲಿ ನಮ್ಮ ಗುರುಸ್ತೋತ್ರವೂ ಕೃಷ್ಣನಾಮವೂ ಸೇರಿದ್ದುದರಿಂದ, ಅದನ್ನು ನಮ್ಮ ಆಲಂಕಾರಿಕರ ಮುಂದೆ ಒಮ್ಮೆ ಇಟ್ಟು ನೋಡುವುದು ಅಪ್ರಸ್ತುತವಾಗಲಾರದು.

ಸಂಗತಿಗಳು ಹೀಗಿವೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದ ನಾಲ್ವರು ತರುಣಿಯರು ‘ಷಿಫಾನ್ಸ್’ ಎಂಬ ಹೆಸರಿನ ಮೇಳವನ್ನು ಕಟ್ಟಿಕೊಂಡು, ೧೯೬೩ರಲ್ಲಿ ‘ಹೀಸ್ ಸೋ ಫೈನ್’ ಎಂಬ ಹಾಡನ್ನು ಹಾಡಿದರು. ಅದನ್ನು ಕಟ್ಟಿದವನು ರೊನಾಲ್ಡ್ ಮ್ಯಾಕ್ ಎಂಬ ಯುವಕ. ಸುಂದರನಾದ ಒಬ್ಬ ಹುಡುಗನನ್ನು ದೂರದಿಂದ ಕಂಡ ಹುಡುಗಿಯೊಬ್ಬಳು ಅವನನ್ನು ತನ್ನವನನ್ನಾಗಿ ಮಾಡಿಕೊಳ್ಳಬೇಕೆಂದು ಹಂಬಲಿಸುವುದೇ ಅದರ ವಸ್ತು. ಹಿಮ್ಮೇಳದವರು ನಮ್ಮ ತಿಲ್ಲಾನದ ಜತಿಗಳಂತೆ ಅರ್ಥವಿಲ್ಲದ ಕೆಲವು ಅಕ್ಷರಗಳನ್ನು ನಡುನಡುವೆ ನುಡಿಯುತ್ತಾರೆ. ಹಾಡು ಅಮೆರಿಕದಲ್ಲಿ ಹಲವು ವಾರ ಅಗ್ರಸ್ಥಾನದಲ್ಲಿದ್ದಿತು; ಇಂಗ್ಲೆಂಡಿನಲ್ಲಿಯೂ ಜನರ ಕಿವಿಗೆ ಬಿದ್ದಿತು. ಮ್ಯಾಕನು ಆ ಕೀರ್ತಿಯನ್ನು ಬಹುಕಾಲ ಅನುಭವಿಸಲಿಲ್ಲ. ಅದೇ ವರ್ಷದಲ್ಲಿ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡನು.

ಎರಡನೆಯ ಹಾಡು ‘ಮೈ ಸ್ವೀಟ್ ಲಾರ್ಡ್’. ಇದರ ಕರ್ತೃ ಲಿವರ್‌ಪೂಲಿನ ಬೀಟಲ್ಸ್ ಮೇಳದ ಜಾರ್ಜ್ ಹ್ಯಾರಿಸನ್. ಈತನು ೧೯೬೬ರಲ್ಲಿ ಪಂಡಿತ ರವಿಶಂಕರರಲ್ಲಿ ಸಿತಾರಿನ ಪಾಠಕ್ಕೆ ಕುಳಿತವನು. ೧೯೬೯ರಲ್ಲಿ ಲಂಡನ್ನಿನ ಕೃಷ್ಣಭಕ್ತರ ನಾಮಸಂಕೀರ್ತನೆಯನ್ನು ತಾನೇ ಮುಂದೆ ನಿಂತು ಧ್ವನಿಮುದ್ರಣ ಮಾಡಿಸಿದವನು. ಆ ವರ್ಷದ ಡಿಸೆಂಬರಿನಲ್ಲಿ ಕೋಪನ್‌ಹೇಗನ್ ನಗರದಲ್ಲಿ ಸಂಗಡಿಗರೊಂದಿಗೆ ಸಂಚಾರದಲ್ಲಿದ್ದಾಗ, ಗಿಟಾರಿನ ಮೇಲೆ ಎರಡು ಸ್ವರಮೇಳಗಳನ್ನು ಸುಮ್ಮನೆ ನುಡಿಸುತ್ತ, ಕ್ರೈಸ್ತರ ‘ಹಲ್ಲೆಲೂಯ’ವನ್ನೂ ವೈಷ್ಣವರ ‘ಹರೇ ಕೃಷ್ಣ’ವನ್ನೂ ಅವುಗಳಿಗೆ ಹೊಂದಿಸಿ ಹಾಡತೊಡಗಿದನು. ಅದೇ ಮುಂದೆ ಹಾಡಾಗಿ ಬೆಳೆದು ೧೯೭೦ರಲ್ಲಿ ಪ್ರಕಟವಾಯಿತು. ಭಗವಂತನನ್ನು ಕಾಣಬೇಕೆಂಬ ತವಕ, ಅದಕ್ಕೆ ಬಹಳ ಕಾಲ ಹಿಡಿಯುವುದಲ್ಲಾ ಎಂಬ ಅಳಲು, ಇವಿಷ್ಟೇ ಅದರ ಮಾತು. ಹಿಮ್ಮೇಳದವರು ಮೊದಲು ಹಲ್ಲೆಲೂಯವನ್ನು ಹೇಳುತ್ತ ಹೇಳುತ್ತ, ಕೇಳುವವರಿಗೆ ಗೊತ್ತಾಗದಂತೆಯೇ ಕೃಷ್ಣನಾಮಕ್ಕೆ ಹೊರಳುತ್ತಾರೆ. ಕೊನೆಯ ಭಾಗದಲ್ಲಿ ನಮ್ಮ ಮಕ್ಕಳು ಅಕ್ಷರಾಭ್ಯಾಸದ ಹೊತ್ತಿಗೇ ಕಲಿಯುವ ಗುರುಸ್ತೋತ್ರವು ಇಂಗ್ಲಿಷ್ ಉಚ್ಚಾರಣೆಯಲ್ಲಿ ಕೇಳಿಬರುವುದು. ಉಚ್ಚಾರಣೆಯನ್ನು ಕುರಿತು ಪಾಠಶಾಲೆಯ ಗುರುಗಳಿಗೆ ಆಕ್ಷೇಪವಿದ್ದೀತು. ಶ್ರದ್ಧೆಯನ್ನು ಕುರಿತು ಇರಲಾರದು.

ಹೊಸ ಹಾಡು ಹಳೆಯ ಹಾಡಿನಂತಿದೆ ಎಂಬ ಮಾತು ಬೇಗನೆ ಹರಡಿತು. ಮ್ಯಾಕನ ಹಾಡಿನ ಸ್ವಾಮ್ಯವನ್ನು ಹೊಂದಿದ್ದ ಬ್ರೈಟ್ ಟ್ಯೂನ್ಸ್ ಎಂಬ ಪ್ರಕಾಶನದವರು ೧೯೭೧ರ ಫೆಬ್ರವರಿಯಲ್ಲಿ ದಾವೆ ಹೂಡಿದರು. ವಿಚಾರಣೆಯು ೧೯೭೬ರಲ್ಲಿ ರಿಚರ್ಡ್ ಓವೆನ್ ಎಂಬ ನ್ಯಾಯಾಧೀಶನ ಮುಂದೆ ನಡೆಯಿತು. ಈ ನ್ಯಾಯಾಧೀಶನು ಸ್ವತಃ ಸಂಗೀತನಾಟಕಗಳನ್ನು ರಚಿಸಿದವನಾದುದು ವಾದಿಪ್ರತಿವಾದಿಗಳ ಭಾಗ್ಯವೆಂದೇ ಹೇಳಬೇಕು; ಕಿವಿಯಿಲ್ಲದ ನ್ಯಾಯಾಧೀಶನ ಮುಂದೆ ಹಾಡಿನ ವ್ಯಾಜ್ಯವನ್ನು ನಡೆಸುವುದು ಕಣ್ಣಿಲ್ಲದವನ ಮುಂದೆ ಚಿತ್ರದ ವ್ಯಾಜ್ಯವನ್ನು ನಡೆಸಿದಂತೆ. ಓವೆನ್ನನು ಎರಡು ಹಾಡುಗಳನ್ನೂ ಬಿಡಿಸಿ, ಎರಡರಲ್ಲಿಯೂ ಎರಡೆರಡು ಸ್ವರಗುಚ್ಛಗಳೇ ಮುಖ್ಯವೆಂದು ತೋರಿಸಿದನು. ನಮ್ಮ ಸಂಜ್ಞೆಯಲ್ಲಿ ಬರೆಯುವುದಾದರೆ ಮೊದಲನೆಯದು ಪ-ಗ-ರಿ, ಎರಡನೆಯದು ಪ-ಧ-ಸ-ಧ-ಸ. ಮ್ಯಾಕನ ಹಾಡಿನಲ್ಲಿ ಮೊದಲನೆಯದು ನಾಲ್ಕು ಸಲ ಬಂದು, ಬಳಿಕ ಎರಡನೆಯದು ನಾಲ್ಕು ಸಲ ಬರುವುದು. ಹ್ಯಾರಿಸನ್ನನ ಹಾಡಿನಲ್ಲಿ ಮೊದಲನೆಯದು ನಾಲ್ಕು ಸಲ, ಎರಡನೆಯದು ಮೂರು ಸಲ. ನಾಲ್ಕನೆಯ ಆವೃತ್ತಿಯ ಸ್ಥಾನದಲ್ಲಿ ಹೆಚ್ಚು ಕಡಮೆ ಅಷ್ಟೇ ಉದ್ದದ ಬೇರೊಂದು ಸಂಚಾರವಿದೆ. ಅದಿರಲಿ, ಎರಡನೆಯ ಗುಚ್ಛದ ಒಂದು ಆವೃತ್ತಿಯಲ್ಲಿ ಮೇಲಿನ ಋಷಭವನ್ನು ಸೋಂಕಿ ಷಡ್ಜಕ್ಕೆ ಇಳಿಯುವ ಸಣ್ಣ ಬಳುಕೊಂದು ಎರಡು ಹಾಡುಗಳಲ್ಲಿಯೂ ಒಂದೇ ಸ್ಥಳದಲ್ಲಿದೆ. ಆಧಾರವಾಗಿ ನುಡಿಯುವ ಸ್ವರಮೇಳಗಳೂ ಒಂದೇ. ಕಾಕತಾಳೀಯವೆಂದು ಹೇಳಿ ಕೈತೊಳೆದುಕೊಳ್ಳಲು ಆ ಬಳುಕು ಬಿಡುವುದಿಲ್ಲ.

ಇಲ್ಲಿ ನಮ್ಮ ಕಡೆಯ ಸಂಗೀತಾಭ್ಯಾಸಿಗೆ ಕೂಡಲೇ ಹೊಳೆಯುವ ಆಕ್ಷೇಪವೊಂದುಂಟು. ಸ ರಿ ಗ ಪ ಧ ಎಂಬ ಈ ಐದು ಸ್ವರಗಳು ಮೋಹನರಾಗದವಲ್ಲವೆ? ಹಿಂದುಸ್ತಾನಿಯವರು ಇವನ್ನು ಭೂಪವೆನ್ನುತ್ತಾರೆ. ಪ-ಗ-ರಿ ಎಂಬ ಇಳಿಕೆಯು ಮೋಹನವನ್ನು ಹಾಡುವ ಯಾರ ಬಾಯಲ್ಲಿಯೂ ಬಂದೇ ಬರುವುದು. ‘ವರವೀಣಾ’ ಗೀತೆಯನ್ನು ಕಲಿತ ಎಂಟು ವರ್ಷದ ಹುಡುಗಿಗೂ ಈ ಐದು ಸ್ವರಗಳ ಮನೆ ಗೊತ್ತು. ಚೀನದೇಶದ ಹಾಡುಗಳಲ್ಲಿಯೂ ಸ್ಕಾಟ್ಲೆಂಡಿನ ಜಾನಪದಗೀತಗಳಲ್ಲಿಯೂ ಇವೇ ಸ್ವರಗಳು ಓಡಾಡುತ್ತಿರುವುವು. ಐದು ಸ್ವರಗಳನ್ನು ಮಾತ್ರ ಹಿಡಿದು ಮೂರು ನಿಮಿಷದ ಹಾಡುಗಳನ್ನು ಸಾವಿರಗಟ್ಟಲೆ ಕಟ್ಟತೊಡಗಿದರೆ ಒಂದು ಮತ್ತೊಂದನ್ನು ಹೋಲದೆ ಮತ್ತೇನಾದೀತು? ತ್ಯಾಗರಾಜರ ಎರಡು ಮೋಹನ ಕೃತಿಗಳ ಆರಂಭವು ಒಂದರಂತೊಂದು ಕೇಳಿಸಿದರೆ ಯಾರೂ ಯಾರನ್ನೂ ದೂರುವುದಿಲ್ಲ. ರಾಗವು ಊರ ಕೆರೆಯಂತೆ, ಯಾರ ಕೊಡಕ್ಕೂ ಅದರಲ್ಲಿ ನೀರುಂಟು. (ಗಮಕವಿಲ್ಲದೆ ನೆಟ್ಟನೆ ನುಡಿಯುವ ಈ ಐದು ಸ್ವರಗಳನ್ನು ಮೋಹನವೆಂದು ಕರೆಯಲು ವಿದ್ವಾಂಸರು ಒಪ್ಪಲಾರರೆಂಬುದು ಬೇರೆಯ ಮಾತು.)

ಆದರೆ ಓವೆನ್ನನು ಈ ಆಕ್ಷೇಪವನ್ನು ಕಾಣದೆ ಹೋದವನಲ್ಲ. ಎರಡು ಗುಚ್ಛಗಳಲ್ಲಿ ಯಾವುದೊಂದೂ ಬಿಡಿಯಾಗಿ ಅಪೂರ್ವವಲ್ಲವೆಂದು ಅವನೂ ಒಪ್ಪಿಕೊಂಡನು. ಅಪೂರ್ವವಾದುದು ಅವುಗಳ ವಿನ್ಯಾಸ: ಮೊದಲನೆಯದನ್ನು ಇಷ್ಟು ಸಲ, ಅದರ ಬೆನ್ನಿಗೆ ಎರಡನೆಯದನ್ನು ಅಷ್ಟು ಸಲ, ನಡುವೆ ಆ ಬಳುಕು. ಕೆರೆಯ ನೀರು ಎಲ್ಲರದಾದರೂ ಕೊಡದ ಆಕಾರವು ಕುಂಬಾರನದು ಎಂದಂತಾಯಿತು. ಈ ಅಂಶದಲ್ಲಿ ನ್ಯಾಯಾಧೀಶನ ಕಿವಿಯು ಸರಿಯಾಗಿಯೇ ಕೇಳಿತೆಂದು ಒಪ್ಪಬೇಕಾಗುವುದು. ರಾಗಸಾಮ್ಯವೆಂಬ ಸಮಾಧಾನವನ್ನು ಹೇಳಿ ಹ್ಯಾರಿಸನ್ನನನ್ನು ಬಿಡಿಸಿಕೊಳ್ಳಲು ಬರುವಂತಿಲ್ಲ.

ಇನ್ನು ಆಲಂಕಾರಿಕರು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ದ್ಯೋತದಲ್ಲಿ ಇಬ್ಬರು ಕವಿಗಳ ರಚನೆಗಳು ಒಂದನ್ನೊಂದು ಹೋಲುವುದನ್ನು ‘ಸಂವಾದ’ವೆಂದು ಕರೆಯುತ್ತಾನೆ. ವಾದಿಸಂವಾದಿಗಳೆಂದು ಸಂಗೀತಶಾಸ್ತ್ರದಲ್ಲಿ ಹೇಳುವಾಗಲೂ ಇದೇ ಶಬ್ದವು ಬರುವುದು ಸೊಗಸಾದ ಯೋಗ. ಸಂವಾದವು ಮೂರು ಬಗೆ. ಕನ್ನಡಿಯೊಳಗಿನ ಪ್ರತಿಬಿಂಬದಂತಿರುವುದು ಒಂದು. ಅದಕ್ಕೆ ಸ್ವಂತವಾದ ಆತ್ಮವೇ ಇಲ್ಲ. ಚಿತ್ರಪಟದಲ್ಲಿ ಬರೆದ ಆಕಾರದಂತಿರುವುದು ಇನ್ನೊಂದು. ಅದಕ್ಕೆ ಆತ್ಮವಿದ್ದರೂ ಅದು ತುಚ್ಛ. ಇಬ್ಬರು ಮನುಷ್ಯರು ರೂಪದಲ್ಲಿ ಒಬ್ಬರನ್ನೊಬ್ಬರು ಹೋಲುವಂತೆ ಇರುವುದು ಮೂರನೆಯದು. ಹೋಲಿಕೆಯಿದ್ದರೂ ಅವನೇ ಇವನೆಂದು ಯಾರೂ ಹೇಳರು, ಏಕೆಂದರೆ ಒಳಗಿನ ಜೀವವು ಬೇರೆ. ಮೊದಲ ಎರಡನ್ನು ಕವಿಯು ಬಿಡಬೇಕು, ಮೂರನೆಯದಕ್ಕೆ ಅಂಜಬೇಕಾಗಿಲ್ಲ. ಸಾಕ್ಷಾತ್ ಬೃಹಸ್ಪತಿಯೂ ಹೊಸ ಅಕ್ಷರಗಳನ್ನು ಹುಟ್ಟಿಸಲಾರನಾದರೂ ಹಳೆಯ ಅಕ್ಷರಗಳಿಂದಲೇ ಹೊಸ ಕಾವ್ಯಗಳು ಆಗುತ್ತಿರುವುವೆಂಬುದು ಅವನ ಅಭಿಪ್ರಾಯ. ಅಕ್ಷರವೆಂಬಲ್ಲಿ ಸ್ವರವೆಂದು ಓದಿಕೊಂಡರೆ ಅದು ನಮ್ಮ ಪ್ರಸ್ತುತ ವಿಷಯವೇ ಆಗುವುದು.

ಈ ಮೂರರಲ್ಲಿ ಹ್ಯಾರಿಸನ್ನನ ಹಾಡು ಯಾವುದಕ್ಕೆ ಸೇರುವುದು? ಪ್ರತಿಬಿಂಬವಲ್ಲ, ಕೇಳಿದವರು ಯಾರೂ ಅದರಲ್ಲಿ ಆತ್ಮವಿಲ್ಲವೆನ್ನಲಾರರು. ಆಲೇಖ್ಯವೆನ್ನಲೂ ಮನಸ್ಸೊಪ್ಪದು, ಆತ್ಮವು ತುಚ್ಛವಲ್ಲ, ಭಗವದ್ದರ್ಶನದ ತವಕಕ್ಕಿಂತ ಹಿರಿದಾದುದು ಯಾವುದುಂಟು? ತುಲ್ಯದೇಹಿಯೆನ್ನೋಣವೆಂದರೆ, ಅಲ್ಲಿ ದೇಹಗಳು ಹೋಲಬೇಕಾದುದೇ ಹೊರತು ಒಂದೇ ಆಗಿರಬಾರದು. ಇಲ್ಲಿ ಮೂಗಿನ ಪಕ್ಕದ ಮಚ್ಚೆಯೂ ಒಂದೇ ಸ್ಥಳದಲ್ಲಿದೆ. ಆನಂದವರ್ಧನನ ತಕ್ಕಡಿಯು ಇಲ್ಲಿ ಎರಡು ಕಡೆಗೂ ತೂಗಾಡುವುದು.

ಆತನ ತರುವಾಯ ಬಂದ ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಈ ಮೂರಕ್ಕೆ ನಾಲ್ಕನೆಯದೊಂದನ್ನು ಸೇರಿಸಿದನು. ಅದಕ್ಕೆ ಅವನಿಟ್ಟ ಹೆಸರು ‘ಪರಪುರಪ್ರವೇಶಸದೃಶ’. ಮೂಲವು ಒಂದೇ ಆಗಿದ್ದು, ಸುತ್ತಣ ಪರಿಕರಗಳ ಕಟ್ಟಡವು ಬಹುದೂರ ಬೇರೆಯಾಗಿರುವುದು ಇದರ ಲಕ್ಷಣ. ಪುರವೆಂದರೆ ದೇಹ, ಯೋಗಿಯು ತನ್ನ ದೇಹವನ್ನು ಬಿಟ್ಟು ಪರರ ದೇಹವನ್ನು ಹೊಗುವುದಕ್ಕೆ ಪರಪುರಪ್ರವೇಶವೆಂದು ಹೆಸರು. ಶಂಕರಾಚಾರ್ಯರು ಅಮರುಕರಾಜನ ಶರೀರವನ್ನು ಹೊಕ್ಕ ಕಥೆಯನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರಾಂಕ್ಸಿನ ಹುಡುಗಿಯರ ಪ್ರಣಯಗೀತೆಯ ಶರೀರವನ್ನು ಭಕ್ತನೊಬ್ಬನ ಜೀವವು ಹೊಕ್ಕಿತು. ಅರ್ಥವಿಲ್ಲದ ಜತಿಗಳಿದ್ದ ಕಡೆ ನಾಮಸಂಕೀರ್ತನೆಯು ಕುಳಿತುಕೊಂಡಿತು. ಗುರುಸ್ತೋತ್ರ, ಗಿಟಾರಿನ ಮೀಂಡು, ಹಿಮ್ಮೇಳದ ಘೋಷ ಇವೆಲ್ಲವೂ ಹೊಸ ಪರಿಕರಗಳಾದವು. ರಾಜಶೇಖರನ ಈ ನಾಲ್ಕನೆಯ ಮನೆಯೇ ಹ್ಯಾರಿಸನ್ನನ ಹಾಡಿಗೆ ಸರಿಯಾದ ಮನೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಅಮರುಕನು ಸತ್ತಿದ್ದನು, ಮ್ಯಾಕನ ಹಾಡು ಸತ್ತಿರಲಿಲ್ಲ.

ರಾಜಶೇಖರನ ವರ್ಗೀಕರಣದಲ್ಲಿ ಇನ್ನೂ ಒಂದು ಸೂಕ್ಷ್ಮವುಂಟು. ತುಲ್ಯದೇಹಿಯನ್ನೂ ಪರಪುರಪ್ರವೇಶವನ್ನೂ ಅವನು ‘ನಿಹ್ನುತಯೋನಿ’ ಎಂಬ ಗುಂಪಿಗೆ ಸೇರಿಸಿರುವನು. ಹುಟ್ಟಿದ ತಾಣವನ್ನು ಮರೆಮಾಡಿದವು ಎಂದರ್ಥ. ಮರೆಮಾಡಿದವನು ಕವಿಯೇ ಎಂಬುದು ಅವನ ಗ್ರಹಿಕೆ. ಕವಿಗೂ ಆ ತಾಣವು ಮರೆಯಾಗಿರಬಹುದೆಂಬುದನ್ನು ಅವನು ಎಣಿಸಿದಂತೆ ತೋರುವುದಿಲ್ಲ. ಓವೆನ್ನನ ತೀರ್ಪಿನ ವಿಶೇಷವು ಇಲ್ಲಿಯೇ ಇದೆ. ಹ್ಯಾರಿಸನ್ನನು ಬೇಕೆಂದು ಕದ್ದನೆಂದು ಅವನು ಹೇಳಲಿಲ್ಲ. ಬೇಕೆಂದು ಮಾಡಿದುದಲ್ಲವೆಂದೇ ನಂಬಿದನು. ಹಿಂದೆ ಕೇಳಿದ್ದ ಹಾಡು ಚಿತ್ತದ ಆಳದಲ್ಲಿ ಉಳಿದಿದ್ದು, ಸ್ವರಗಳನ್ನು ತಡವುತ್ತಿದ್ದ ಕೈಗೆ ಅರಿವಿಲ್ಲದೆಯೇ ದಾರಿ ತೋರಿಸಿತೆಂದೂ, ಅರಿವಿಲ್ಲದಿದ್ದರೂ ಕಾನೂನಿನ ಕಣ್ಣಿಗೆ ಅದು ಅಪಹಾರವೆಂದೂ ತೀರ್ಮಾನಿಸಿದನು. ಇದು ಆ ದೇಶದಲ್ಲಿ ಹೊಸ ನ್ಯಾಯವೂ ಅಲ್ಲ. ಜೆರೋಮ್ ಕರ್ನ್ ಎಂಬ ಪ್ರಸಿದ್ಧ ವಾಗ್ಗೇಯಕಾರನ ‘ಕಲೂವಾ’ ಎಂಬ ಹಾಡಿನ ಮಂದ್ರದ ಪಲ್ಲಟವು ‘ಡಾರ್ಡನೆಲ್ಲಾ’ ಎಂಬ ಹಿಂದಿನ ಹಾಡಿನದೆಂದು ೧೯೨೪ರಲ್ಲಿಯೇ ದಾವೆಯಾದಾಗ, ಲರ್ನೆಡ್ ಹ್ಯಾಂಡ್ ಎಂಬ ನ್ಯಾಯಾಧೀಶನು ಇದೇ ರೀತಿಯಲ್ಲಿ ಕರ್ನನ ಸದ್ಭಾವವನ್ನು ನಂಬಿಯೂ ೨೫೦ ಡಾಲರು ತೆರುವಂತೆ ವಿಧಿಸಿದ್ದನು.

ಅರಿವಿಲ್ಲದ ಈ ಸ್ಮೃತಿಗೆ ನಮ್ಮ ಶಾಸ್ತ್ರಗಳಲ್ಲಿ ಸಂಸ್ಕಾರವೆಂದೂ ವಾಸನೆಯೆಂದೂ ಹೆಸರುಂಟು. ‘ಶಾಕುಂತಲ’ದ ಐದನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ಕಿವಿಗೆ ಬಿದ್ದಾಗ ದುಷ್ಯಂತನ ಮನಸ್ಸು ಕಾರಣ ತಿಳಿಯದೆ ಕಳವಳಿಸುವುದು, ಶಕುಂತಲೆಯ ನೆನಪು ಶಾಪದಿಂದ ಮುಚ್ಚಿಹೋಗಿದ್ದರೂ ಅದರ ವಾಸನೆಯು ಹಾಡಿನಿಂದ ಕದಡುವುದು. ಎಲ್ಲವನ್ನೂ ಮರೆತವನಲ್ಲಿಯೂ ಹಾಡು ಕೆಲಸ ಮಾಡಬಲ್ಲುದೆಂಬುದನ್ನು ಕಾಳಿದಾಸನಿಗಿಂತ ಚೆನ್ನಾಗಿ ತಿಳಿದವರಾರು? ಹ್ಯಾರಿಸನ್ನನ ವಿಷಯದಲ್ಲಿ ಇದು ಇನ್ನೂ ಸ್ವಾರಸ್ಯವಾಗಿದೆ. ತಾನು ಮನಸ್ಸಿನಲ್ಲಿಟ್ಟುಕೊಂಡು ಅನುಸರಿಸಿದುದು ‘ಓ ಹ್ಯಾಪಿ ಡೇ’ ಎಂಬ ಕ್ರೈಸ್ತ ಭಜನೆಯನ್ನೆಂದು ಆತನೇ ಹೇಳಿಕೊಂಡಿರುವನು. ಹದಿನೆಂಟನೆಯ ಶತಮಾನದ ಸ್ತುತಿಗೀತವೊಂದನ್ನು ಎಡ್ವಿನ್ ಹಾಕಿನ್ಸನ ಮೇಳದವರು ಹೊಸ ರೀತಿಯಲ್ಲಿ ಹಾಡಿ ೧೯೬೯ರಲ್ಲಿ ಜನಪ್ರಿಯಗೊಳಿಸಿದ್ದರು. ತಿಳಿದು ಅನುಸರಿಸಿದ ಹಾಡನ್ನು ಅವನ ಕೃತಿಯು ಅಷ್ಟಾಗಿ ಹೋಲಲಿಲ್ಲ. ತಿಳಿಯದೆ ಅನುಸರಿಸಿದ ಹಾಡನ್ನು ಹುಬ್ಬೇರಿಸುವಷ್ಟು ಹೋಲಿತು.

ಪ್ರಣಯದ ಹಾಡೇ ಏಕೆ ಮೇಲೆದ್ದು ಬಂದಿತು? ಇದಕ್ಕೂ ರಸಶಾಸ್ತ್ರದಲ್ಲಿ ಉತ್ತರವಿದೆಯೆಂದು ತೋರುವುದು. ದೇವತೆಯಲ್ಲಿ ನೆಟ್ಟ ರತಿಯನ್ನು ಮಮ್ಮಟನು ರಸವೆನ್ನದೆ ಭಾವವೆನ್ನುವನು. ಆದರೂ ಅದು ರತಿಯೇ. ಕಂಡವನನ್ನು ಪಡೆಯಬೇಕೆಂಬ ಹುಡುಗಿಯ ಔತ್ಸುಕ್ಯವೂ, ಕಾಣದವನನ್ನು ಕಾಣಬೇಕೆಂಬ ಭಕ್ತನ ಔತ್ಸುಕ್ಯವೂ ಒಂದೇ ಬಳ್ಳಿಯ ಎರಡು ಕುಡಿಗಳು. ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಕರೆದ ನಾಡಿನವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಒಂದೇ ಭಾವವು ತನಗೆ ಒಗ್ಗಿದ ಸ್ವರಗಳನ್ನು ಹುಡುಕಿಕೊಂಡು ಹೋಗಿ, ಆಗಲೇ ಒಬ್ಬಳು ಹುಡುಗಿಯು ನಿಂತಿದ್ದ ಬಾಗಿಲಿನಲ್ಲಿಯೇ ಬಂದು ನಿಂತಿತು.

ಹಾಗಾದರೆ ತಪ್ಪೇ ಇಲ್ಲವೆ? ಇದೆ, ಆದರೆ ಅದು ಎರವಲು ತಂದುದರಲ್ಲಲ್ಲ, ಎರವಲೆಂದು ಬರೆಯದೆ ಇದ್ದುದರಲ್ಲಿ. ನಮ್ಮಲ್ಲಿ ಪರರ ಮಟ್ಟಿಗೆ ತನ್ನ ಮಾತನ್ನು ಕೂಡಿಸುವುದು ಎಂದೂ ನಾಚಿಕೆಯ ಕೆಲಸವಾಗಿರಲಿಲ್ಲ. ಮುತ್ತುಸ್ವಾಮಿ ದೀಕ್ಷಿತರಂತಹ ಮಹನೀಯರೇ ಇಂಗ್ಲಿಷ್ ವಾದ್ಯಮೇಳದ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕಟ್ಟಿದರು. ಅವುಗಳಲ್ಲಿ ‘ಸಂತತಂ ಪಾಹಿ ಮಾಂ’ ಎಂಬುದು ಇಂಗ್ಲೆಂಡಿನ ರಾಜಗೀತದ ಧಾಟಿಯದು. ಆದರೆ ಆ ರಚನೆಗಳಿಗೆ ನೋಟ್ಟುಸ್ವರಗಳೆಂಬ ಹೆಸರೇ ನಿಂತಿತು; ಹೆಸರಿನಲ್ಲಿಯೇ ಋಣವು ನಮೂದಾಗಿದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರರು ೧೮೮೦ರಲ್ಲಿ ಮರಾಠಿ ಶಾಕುಂತಲವನ್ನು ರಂಗಕ್ಕೆ ತಂದಾಗ ಕರ್ನಾಟಕದ ಧಾಟಿಗಳನ್ನೂ ಜೊತೆಗೆ ಕೊಂಡೊಯ್ದರು. ಮುಂದೆ ಕನ್ನಡದ ನಾಟಕ ಕಂಪನಿಗಳವರು ಮರಾಠಿಯ ಮಟ್ಟುಗಳನ್ನು ಧಾರಾಳವಾಗಿ ತಂದುಕೊಂಡರು. ಹಾಡಿನ ಪುಸ್ತಕಗಳಲ್ಲಿ ಮರಾಠಿಯವರು ಪದದ ಮೇಲೆ ‘ಚಾಲ್’ ಎಂದು ಮೂಲವನ್ನು ಹೇಳುತ್ತಿದ್ದರು. ನಮ್ಮವರು ‘ಧಾಟಿ’ ಎಂದೂ ‘ವರ್ಣಮೆಟ್ಟು’ ಎಂದೂ ಹೇಳುತ್ತಿದ್ದರು. ಆ ಒಂದು ಸಾಲಿನ ಶಿರೋನಾಮೆಯಲ್ಲಿ ವ್ಯಾಜ್ಯಕ್ಕೆ ಅವಕಾಶವೇ ಉಳಿಯುತ್ತಿರಲಿಲ್ಲ. ನಮ್ಮ ಚಲಚ್ಚಿತ್ರಗಳವರು ಕಂಪನಿಗಳಿಂದ ಮಟ್ಟು ತರುವ ಚಾಳಿಯನ್ನು ಕಲಿತರು. ಶಿರೋನಾಮೆಯನ್ನು ಬರೆಯುವ ಮರ್ಯಾದೆಯನ್ನು ಕಲಿಯಲಿಲ್ಲ. ಹ್ಯಾರಿಸನ್ನನಿಗೆ ತನ್ನ ಋಣವೇ ತಿಳಿಯದಿದ್ದರೆ ಬರೆಯುವುದೆಂತು ಎಂದು ಕೇಳಬಹುದು. ಹಾಡು ಪ್ರಕಟವಾದ ಮೇಲೆ ಹೋಲಿಕೆಯನ್ನು ಜಗತ್ತೇ ತೋರಿಸಿಕೊಟ್ಟಿತಲ್ಲ, ಆಗಲಾದರೂ ಬರೆಯಬಹುದಾಗಿತ್ತು.

ತೀರ್ಪಿನ ಮೊದಲ ಭಾಗವನ್ನು ಹೀಗೆ ಒಪ್ಪಿಕೊಂಡವರಿಗೂ ಅದರ ಎರಡನೆಯ ಭಾಗವನ್ನು ಒಪ್ಪುವುದು ಕಷ್ಟ. ಹಾಡಿನ ಗಳಿಕೆಯಲ್ಲಿ ಮ್ಯಾಕನ ಧಾಟಿಗೆ ಸಲ್ಲುವುದೆಷ್ಟು ಎಂಬುದನ್ನು ೧೯೮೧ರಲ್ಲಿ ಓವೆನ್ನನು ನಿರ್ಣಯಿಸಿದನು. ಧಾಟಿಯ ಪಾಲು ನಾಲ್ಕರಲ್ಲಿ ಮೂರು. ಮಿಕ್ಕ ಒಂದು ಪಾಲು ಹಾಡಿನ ಮಾತುಗಳಿಗೂ ಹ್ಯಾರಿಸನ್ನನ ಪ್ರಸಿದ್ಧಿಗೂ ಕೂಡಿ. ದೇಹಕ್ಕೆ ಹನ್ನೆರಡಾಣೆ, ಆತ್ಮಕ್ಕೆ ನಾಲ್ಕಾಣೆ; ಆ ನಾಲ್ಕಾಣೆಯಲ್ಲಿಯೂ ಹಾಡುಗಾರನ ಹೆಸರಿಗೆ ಒಂದು ಭಾಗವನ್ನು ಕಳೆದರೆ ಹರಿನಾಮಕ್ಕೂ ಗುರುಸ್ತೋತ್ರಕ್ಕೂ ಉಳಿಯುವುದು ಎಷ್ಟು ಕಾಸೋ! ಧಾಟಿಯು ಒಂದೇ ಆಗಿರುವಾಗ ಒಂದು ಹಾಡು ಹುಡುಗಿಯರ ಆಟದ ಹಾಡಾಗಿ ಉಳಿದು, ಮತ್ತೊಂದು ಖಂಡಖಂಡಾಂತರಗಳಲ್ಲಿ ಜನರನ್ನು ಕಣ್ಮುಚ್ಚಿ ಹಾಡುವಂತೆ ಮಾಡಿದುದಕ್ಕೆ ಧಾಟಿಯೇ ಮುಕ್ಕಾಲು ಕಾರಣವಾಗುವುದೆಂತು? ನ್ಯಾಯಸ್ಥಾನಕ್ಕೆ ದೇಹವನ್ನು ಅಳೆಯುವ ಸಾಧನವಿದ್ದಿತು, ಆತ್ಮವನ್ನು ಅಳೆಯುವ ಸಾಧನವಿರಲಿಲ್ಲ. ಇಲ್ಲದುದನ್ನು ಅಳೆದಂತೆ ಅಂಕೆಯಲ್ಲಿ ಬರೆದುದು ಅದರ ದೋಷ.

ಹಣದ ಕಥೆಯೂ ಚೆಲುವಾದುದಲ್ಲ. ಹೀಗೆ ಲೆಕ್ಕ ಹಾಕಿದ ಮೊತ್ತವು ಸುಮಾರು ೧೬ ಲಕ್ಷ ಡಾಲರು. ಆದರೆ ಅಷ್ಟರಲ್ಲಿ ವಾದಿಯೇ ಬದಲಾಗಿದ್ದನು. ವ್ಯಾಜ್ಯದ ಆರಂಭದಲ್ಲಿ ಹ್ಯಾರಿಸನ್ನನ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದು ಅವನ ಪರವಾಗಿ ಸಂಧಾನ ನಡೆಸಿದ್ದ ಅಲೆನ್ ಕ್ಲೈನ್ ಎಂಬವನು, ಬಳಿಕ ಅವನಿಂದ ಬೇರೆಯಾಗಿ, ೧೯೭೮ರಲ್ಲಿ ಮ್ಯಾಕನ ಹಾಡಿನ ಸ್ವಾಮ್ಯವನ್ನು ೫,೮೭,೦೦೦ ಡಾಲರಿಗೆ ತಾನೇ ಕೊಂಡುಕೊಂಡಿದ್ದನು. ನಂಬಿದ ಯಜಮಾನನ ವಿರುದ್ಧ ಹೀಗೆ ಲಾಭ ಪಡೆಯುವುದು ಸಲ್ಲದೆಂದು ನ್ಯಾಯಾಧೀಶನು ಹೇಳಿ, ಕೊಟ್ಟ ಹಣವನ್ನಷ್ಟೇ ಹಿಂದಕ್ಕೆ ಪಡೆದು ಸ್ವಾಮ್ಯವನ್ನು ಹ್ಯಾರಿಸನ್ನನಿಗೆ ಒಪ್ಪಿಸಬೇಕೆಂದು ವಿಧಿಸಿದನು. ಉಳಿದ ತಕರಾರುಗಳು ೧೯೯೦ರ ದಶಕದವರೆಗೂ ಎಳೆದವು. ಇಷ್ಟೆಲ್ಲದರ ನಡುವೆ ರೊನಾಲ್ಡ್ ಮ್ಯಾಕನ ಹೆಸರು ದಾವೆಯ ಕಾಗದಗಳಲ್ಲಿ ಹೊರತು ಬೇರೆಲ್ಲಿಯೂ ಕೇಳಿಬರಲಿಲ್ಲ. ಮೊದಲು ಆ ಬಾಗಿಲಿಗೆ ಬಂದವನು ಅವನು, ಋಣವಿದ್ದುದು ಅವನಿಗೆ.

ಕಲಾವಿದರು ತಮ್ಮತಮ್ಮೊಳಗೆ ಈ ವ್ಯಾಜ್ಯವನ್ನು ಬೇರೆಯ ರೀತಿಯಲ್ಲಿ ಮುಗಿಸಿಕೊಂಡಂತೆ ಕಾಣುವುದು. ದಾವೆಯು ಇನ್ನೂ ನಡೆಯುತ್ತಿರುವಾಗಲೇ, ೧೯೭೫ರಲ್ಲಿ, ಷಿಫಾನ್ಸ್ ಮೇಳದವರು ಹ್ಯಾರಿಸನ್ನನ ‘ಮೈ ಸ್ವೀಟ್ ಲಾರ್ಡ್’ ಹಾಡನ್ನು ತಾವೇ ಹಾಡಿ ಧ್ವನಿಮುದ್ರಿಸಿದರು. ಹ್ಯಾರಿಸನ್ನನು ತೀರ್ಪಿನ ವರ್ಷದಲ್ಲಿಯೇ ನ್ಯಾಯಸ್ಥಾನದ ಪ್ರಸಂಗವನ್ನು ಪರಿಹಾಸ ಮಾಡುವ ಹಾಡೊಂದನ್ನು ಬರೆದನು. ತನ್ನ ಹಾಡನ್ನು ಆತನು ಮತ್ತೊಮ್ಮೆ ಹೊಸದಾಗಿ ಹಾಡಿ ೨೦೦೧ರ ಆರಂಭದಲ್ಲಿ ಹೊರತಂದಾಗ, ವಿವಾದಕ್ಕೆ ಸಿಕ್ಕಿದ್ದ ಸ್ವರಗಳನ್ನು ಆದಷ್ಟು ಕಡಮೆ ಬಳಸಿ, ಧಾಟಿಯನ್ನು ಬೇಕೆಂದೇ ಅತ್ತಿತ್ತ ಸರಿಸಿದ್ದನು. ಹೊಕ್ಕ ದೇಹವನ್ನು ಬಿಟ್ಟು ಹೊರಗೆ ಬರುವ ಪ್ರಯತ್ನವದು. ಆ ಪಾಠದಲ್ಲಿ ಭಕ್ತಿಗೆ ಕೊರತೆಯಿಲ್ಲ. ಆದರೂ ಕಿವಿಯು ಹಳೆಯ ಪ-ಗ-ರಿಯನ್ನೇ ನಿರೀಕ್ಷಿಸುತ್ತ ಕುಳಿತಿರುವುದು. ಅದೇ ವರ್ಷದ ನವೆಂಬರ್ ೨೯ರಂದು ಹ್ಯಾರಿಸನ್ನನು ತೀರಿಕೊಂಡನು. ಮುಂದಿನ ಜನವರಿಯಲ್ಲಿ ಇಂಗ್ಲೆಂಡಿನ ಜನರು ಮತ್ತೆ ಕೊಂಡು ಅಗ್ರಸ್ಥಾನಕ್ಕೆ ಏರಿಸಿದುದು ೧೯೭೦ರ ಹಳೆಯ ಪಾಠವನ್ನೇ.